ಯುಗನಾಮಗಳೂ ಲೋಹದ ಹದವೂ: ಒಂದು ವಿಮರ್ಶೆ

ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂಬ ವಿಭಾಗಕ್ರಮವು ನಮ್ಮ ಇತಿಹಾಸಗ್ರಂಥಗಳಲ್ಲಿ ರೂಢಮೂಲವಾಗಿದೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ಥಾಮ್ಸೆನ್ನನು ಕೋಪನ್‌ಹೇಗನ್ ನಗರದ ಸಂಗ್ರಹಾಲಯದಲ್ಲಿದ್ದ ಪ್ರಾಚೀನ ವಸ್ತುಗಳನ್ನು ಕಾಲಾನುಕ್ರಮವಾಗಿ ಜೋಡಿಸಲು ಈ ಕ್ರಮವನ್ನು ಬಳಸಿ, 1836ರಲ್ಲಿ ಹೊರಬಂದ ಕೈಪಿಡಿಯಲ್ಲಿ ಅದನ್ನು ವಿವರಿಸಿದನು. ಚದರಿಹೋಗಿದ್ದ ಸಾಮಗ್ರಿಗೆ ವ್ಯವಸ್ಥೆಯನ್ನು ತಂದ ಕೀರ್ತಿಯು ಆತನಿಗೆ ಸಲ್ಲತಕ್ಕದ್ದೇ. ಆದರೆ ವಸ್ತುಗಳನ್ನು ಜೋಡಿಸುವ ಸೂತ್ರವು ಕ್ರಮೇಣ ಇತಿಹಾಸವನ್ನೇ ವಿವರಿಸುವ ಸೂತ್ರವಾಗಿ ಪರಿಣಮಿಸಿತು. ಕಬ್ಬಿಣವು ಕಂಚಿಗಿಂತ ಗಟ್ಟಿಯಾದುದರಿಂದ ಅದರ ಸ್ಥಾನವನ್ನು ಆಕ್ರಮಿಸಿತೆಂಬ ವಿವರಣೆಯನ್ನು ಪಠ್ಯಗಳಲ್ಲಿ ಮೇಲಿಂದ ಮೇಲೆ ಕಾಣುತ್ತೇವೆ. ದ್ರವ್ಯವಿಜ್ಞಾನದ ಪ್ರಾಥಮಿಕ ತತ್ತ್ವಗಳ ಮುಂದೆ ಇದು ನಿಲ್ಲಲಾರದೆಂಬುದೇ ನಮ್ಮ ವಾದ.

ದ್ರವ್ಯದ ಗುಣವನ್ನು ನಿರ್ಣಯಿಸುವುದು ಅದರ ಹೆಸರಲ್ಲ. ಯಾವ ಧಾತುಗಳು ಎಷ್ಟೆಷ್ಟು ಸೇರಿವೆ, ಒಳಗೆ ಅವು ಹೇಗೆ ಜೋಡಣೆಗೊಂಡಿವೆ, ಆ ಜೋಡಣೆಯು ಯಾವ ಸಂಸ್ಕಾರದಿಂದ ಉಂಟಾಯಿತು ಎಂಬ ಮೂರು ಸಂಗತಿಗಳೇ ಅದನ್ನು ನಿರ್ಣಯಿಸುತ್ತವೆ. ಶುದ್ಧ ಲೋಹದಲ್ಲಿ ಪರಮಾಣುಗಳು ಪದರಪದರವಾಗಿ ನಿಂತಿರುತ್ತವೆ. ಪೆಟ್ಟು ಬಿದ್ದಾಗ ಪದರಗಳು ಜಾರಿ ಲೋಹವು ಬಾಗುತ್ತದೆ. ಅನ್ಯಧಾತುವಿನ ಪರಮಾಣುಗಳು ನಡುವೆ ಸೇರಿದರೆ ಜಾರುವಿಕೆಗೆ ತಡೆಯುಂಟಾಗಿ ಲೋಹವು ಗಡುಸಾಗುತ್ತದೆ. ನೂರಕ್ಕೆ ಹತ್ತರಷ್ಟು ತವರ ಬೆರೆತ ಕಂಚು ತಾಮ್ರಕ್ಕಿಂತ ಗಟ್ಟಿಯಾಗಿರುವುದು ಈ ಕಾರಣದಿಂದಲೇ.

ಇನ್ನು ಕಬ್ಬಿಣದ ವಿಷಯ. ಶುದ್ಧ ಕಬ್ಬಿಣವು ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಪ್ರಾಚೀನರ ಸಾಮಾನ್ಯ ಕುಲುಮೆಯಲ್ಲಿ ಅಷ್ಟು ಶಾಖವು ದೊರೆಯುತ್ತಿರಲಿಲ್ಲವಾಗಿ, ಕಬ್ಬಿಣವು ಕಿಟ್ಟದೊಡನೆ ಬೆರೆತ ಮುದ್ದೆಯಾಗಿಯೇ ಹೊರಬರುತ್ತಿತ್ತು. ಅದನ್ನು ಬಡಿದು ಪಡೆದ, ಇಂಗಾಲವು ಅತ್ಯಲ್ಪವಾಗಿರುವ ಮೆದುಕಬ್ಬಿಣವು, ಬಡಿದು ಗಡುಸುಗೊಳಿಸಿದ ಉತ್ತಮ ಕಂಚಿಗಿಂತ ಗಟ್ಟಿಯಾದುದಲ್ಲ. ಆದುದರಿಂದ ಕಬ್ಬಿಣದ ಪ್ರಸಾರಕ್ಕೆ ಕಾರಣವನ್ನು ಅದಿರಿನ ಸಮೃದ್ಧಿಯಲ್ಲಿಯೂ, ತವರದ ದೌರ್ಲಭ್ಯದಲ್ಲಿಯೂ, ಕಬ್ಬಿಣಕ್ಕೆ ಇಂಗಾಲವನ್ನು ಕೂಡಿಸಿ ಉಕ್ಕಾಗಿಸಿದ ಕುಶಲಕರ್ಮಿಯ ವಿದ್ಯೆಯಲ್ಲಿಯೂ ಹುಡುಕಬೇಕಾಗುತ್ತದೆ.

ಸಂಸ್ಕಾರದ ಮಹತ್ವವು ಇನ್ನೊಂದು ನಿದರ್ಶನದಿಂದ ಸ್ಪಷ್ಟವಾಗುತ್ತದೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಬಹು ಗಡುಸಾಗಿ, ಪೆಡಸೂ ಆಗುತ್ತದೆ. ನೂರಕ್ಕೆ ಇಪ್ಪತ್ತೆರಡರಷ್ಟು ತವರವಿರುವ ಕಂಚಿಗೆ ಇದೇ ಸಂಸ್ಕಾರವನ್ನು ಮಾಡಿದರೆ ಪೆಡಸುತನವು ತಗ್ಗುತ್ತದೆ. ಏಕೆಂದರೆ ನಿಧಾನವಾಗಿ ಆರಿದಾಗ ಅದರೊಳಗೆ ಹುಟ್ಟುವ ಭಿದುರ ರಚನೆಗೆ ಅಲ್ಲಿ ಅವಕಾಶವಿಲ್ಲ. ದಕ್ಷಿಣ ಭಾರತದ ಕಂಚುಗಾರರು ಈ ಮರ್ಮವನ್ನು ಬಲ್ಲವರಾಗಿದ್ದರು. ‘ಹದ’ ಎಂಬ ನಮ್ಮ ಮಾತು ಈ ಅರ್ಥವನ್ನು ಚೆನ್ನಾಗಿ ಹಿಡಿದಿದೆ. ಯುಗನಾಮಗಳಲ್ಲಿ ದ್ರವ್ಯವಿದೆ, ಹದವಿಲ್ಲ.

ದಕ್ಷಿಣಾಪಥಕ್ಕೆ ಬಂದರೆ ಈ ನಾಮಾವಳಿಯ ಕೊರತೆಯು ಮತ್ತಷ್ಟು ಎದ್ದುಕಾಣುತ್ತದೆ. ಇಲ್ಲಿ ಕಂಚಿನ ಯುಗವೆಂಬ ಪ್ರತ್ಯೇಕ ಘಟ್ಟವು ಕಂಡುಬರುವುದಿಲ್ಲ. ತಾಮ್ರವನ್ನು ಮಿತವಾಗಿ ಬಳಸುತ್ತಿದ್ದ ನವಶಿಲಾ ಸಂಸ್ಕೃತಿಯ ಬೆನ್ನಿಗೇ ಕಬ್ಬಿಣದ ಉಪಕರಣಗಳು ಕಾಣಿಸಿಕೊಳ್ಳುತ್ತವೆಂಬುದಕ್ಕೆ ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನವು ಸಾಕ್ಷಿ. ಅನ್ಯದೇಶದ ಸಾಮಗ್ರಿಯಿಂದ ರೂಪುಗೊಂಡ ಸೋಪಾನದಲ್ಲಿ ನಮಗೆ ಒಂದು ಮೆಟ್ಟಿಲು ತಪ್ಪಿತೆಂದು ಹೇಳುವುದು ಯುಕ್ತವಲ್ಲ.

ಹೆಸರನ್ನೂ ಘಟಕವನ್ನೂ ಮಾತ್ರ ನೋಡುವ ದೃಷ್ಟಿಯು ಮಹಾ ವಿಜ್ಞಾನಿಗಳನ್ನೂ ದಾರಿತಪ್ಪಿಸಿತ್ತು. ಯೂರೋಪಿನವರು ‘ವೂಟ್ಜ್’ ಎಂದು ಕರೆದ ಭಾರತದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಶಬ್ದದಿಂದ ಬಂದುದೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1819ರಲ್ಲಿ ಅದನ್ನು ವಿಶ್ಲೇಷಿಸಿದ ಮೈಕೇಲ್ ಫ್ಯಾರಡೆಯು, ಅಲ್ಪಪ್ರಮಾಣದ ಅಲ್ಯೂಮಿನ ಮತ್ತು ಸಿಲಿಕದ ಅಂಶಗಳೇ ಅದರ ವೈಶಿಷ್ಟ್ಯಕ್ಕೆ ಕಾರಣವೆಂದು ಭಾವಿಸಿದನು. ಆ ಶೋಧದ ಫಲವಾಗಿ ಮಿಶ್ರ ಉಕ್ಕುಗಳ ಅಧ್ಯಯನವು ಆರಂಭವಾದುದು ನಿಜ. ಆದರೆ ರಹಸ್ಯವು ಅಲ್ಲಿರಲಿಲ್ಲ. ಮೆದುಕಬ್ಬಿಣದ ತುಂಡುಗಳೊಡನೆ ಕಟ್ಟಿಗೆ, ಎಲೆ ಮುಂತಾದ ಸಸ್ಯಪದಾರ್ಥವನ್ನು ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿದಾಗ ಕಬ್ಬಿಣವು ಇಂಗಾಲವನ್ನು ಹೀರಿ, ಅದರಿಂದಾಗಿ ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತಿತ್ತು. ನೂರಕ್ಕೆ ಸುಮಾರು ಒಂದೂವರೆಯಷ್ಟು ಇಂಗಾಲ, ನಿಧಾನವಾದ ಆರಿಕೆ, ಮಿತವಾದ ಶಾಖದಲ್ಲಿ ಬಡಿತ—ಇವುಗಳೇ ಅದರ ಮರ್ಮ. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಉಕ್ಕು ತಯಾರಿಸುವವರ ಕೆಲಸವನ್ನು ವಿವರಿಸಿ 1807ರಲ್ಲಿ ಪ್ರಕಟಿಸಿದ್ದನು.

ನಮ್ಮ ಕಾಲವನ್ನು ‘ಪ್ಲಾಸ್ಟಿಕ್ ಯುಗ’ವೆನ್ನುವವರಿಗೂ ಈ ಟೀಕೆಯು ಅನ್ವಯಿಸುತ್ತದೆ. ಪಾಲಿಮರ್ ಎಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿ ಆದ ದೀರ್ಘಾಣು. ಹರ್ಮನ್ ಸ್ಟೌಡಿಂಗರನು ಈ ವಾದವನ್ನು 1920ರಲ್ಲಿ ಮಂಡಿಸಿದನು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗೂ ಇದೇ ಕುಲಕ್ಕೆ ಸೇರಿದುದು. ಎಥಿಲೀನಿನಿಂದಲೇ ಆದ ಪಾಲಿಥೀನು, ಸರಪಳಿಗಳಲ್ಲಿ ಕವಲು ಹೆಚ್ಚಾಗಿದ್ದರೆ ಮೃದುವಾದ ಚೀಲವಾಗುತ್ತದೆ. ಕವಲು ಕಡಿಮೆಯಿದ್ದರೆ ಗಡುಸಾದ ಡಬ್ಬಿಯಾಗುತ್ತದೆ. ರಬ್ಬರಿಗೆ ಸ್ವಲ್ಪ ಗಂಧಕವನ್ನು ಸೇರಿಸಿ ಕಾಯಿಸಿದರೆ ಸರಪಳಿಗಳ ನಡುವೆ ಬೆಸುಗೆಯುಂಟಾಗಿ ಅದು ಪುಟಿಯುತ್ತದೆ. ಗಂಧಕವು ಅತಿಯಾದರೆ ಮರದಂತೆ ಬಿಗಿಯಾಗುತ್ತದೆ. ಈ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಕೊಂಡನೆಂದು ಪಠ್ಯಗಳು ಹೇಳುತ್ತವೆ. ಆದರೆ ಮಧ್ಯ ಅಮೆರಿಕದ ಮೂಲನಿವಾಸಿಗಳು ಅದಕ್ಕೆ ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಒಂದು ಜಾತಿಯ ಬಳ್ಳಿಯ ರಸವನ್ನು ಮರದ ಹಾಲಿಗೆ ಬೆರೆಸಿ ಪುಟಿಯುವ ಚೆಂಡುಗಳನ್ನು ಮಾಡುತ್ತಿದ್ದರು.

ಯುಗನಾಮಗಳನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಮತವಲ್ಲ. ಪದರಗಳ ಪೂರ್ವಾಪರವನ್ನು ಸೂಚಿಸಲು ಅವು ಉಪಯುಕ್ತವೇ. ಅವನ್ನು ಕಾರಣಗಳೆಂದು ಭಾವಿಸುವುದು ಮಾತ್ರ ಸಲ್ಲದು. ‘ಕಬ್ಬಿಣ ಬಂದಿತು’ ಎಂಬ ವಾಕ್ಯದಲ್ಲಿ ಲೋಹವೇ ಕರ್ತೃ; ಮೂಸೆಯನ್ನು ಮೆತ್ತಿದವನೂ ತಿದಿಯನ್ನು ಒತ್ತಿದವನೂ ಅಲ್ಲಿಲ್ಲ. ಉತ್ಖನನದಲ್ಲಿ ದೊರೆತ ಒಂದು ಕೊಡಲಿಯನ್ನು ಕುರಿತು ಯಾವ ಲೋಹವೆಂದು ಕೇಳಿದಷ್ಟಕ್ಕೇ ನಿಲ್ಲದೆ, ಇಂಗಾಲವೆಷ್ಟು, ರಚನೆಯೇನು, ಹದವೇನು ಎಂದೂ ವಿದ್ಯಾರ್ಥಿಗಳು ಕೇಳುವಂತಾಗಬೇಕು. ಆಗ ಆ ಕೊಡಲಿಯ ಹಿಂದೆ ಇದ್ದ ಕಮ್ಮಾರನಿಗೂ ಇತಿಹಾಸದಲ್ಲಿ ಸ್ಥಾನ ದೊರೆಯುವುದು.