ಬೆರಳ ಮರೆಯ ಬೆಳಕು

ಕಾಪುವಿನ ಕಡಲ ಬಂಡೆಯ ಮೇಲಿನ ದೀಪಸ್ತಂಭವು 1901ರದು. ದೂರದ ನಾವಿಕನಿಗೆ ದಾರಿ ತೋರಲೆಂದು ಕಟ್ಟಿದುದು. ಆ ಊರಿನ ಭಕ್ತರೊಬ್ಬರ ಮನೆಯಲ್ಲಿ ನಾವು ಕಂಡ ಬೆಳಕು ಬೇರೊಂದು ಬಗೆಯದು. ನಡುಮನೆಯ ಗೋಡೆಯಲ್ಲೊಂದು ಚಿತ್ರದ ಅಚ್ಚುಪ್ರತಿ. ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳು. “ರವಿವರ್ಮನ ಚಿತ್ರ, ಸ್ವಾಮೀಜಿ” ಎಂದರು ಮನೆಯವರು.

ವಾಚಕರೆ, ಈ ಮಾತನ್ನು ನೀವೂ ಕೇಳಿರಬಹುದು. ರಾಜಾ ರವಿವರ್ಮನು ತೀರಿಕೊಂಡುದು 1906ರಲ್ಲಿ. ಈ ಚಿತ್ರವು ರಚಿತವಾದುದು 1945-46ರ ಸುಮಾರಿಗೆ. ಚಿತ್ರಕಾರರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್. ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಮೂಲಕೃತಿಯು ಮೈಸೂರಿನ ಜಗನ್ಮೋಹನ ಅರಮನೆಯ ಕಲಾಸಂಗ್ರಹಕ್ಕೆ ಸೇರಿದುದು. ಅದನ್ನು ಕತ್ತಲ ಕೋಣೆಯಲ್ಲಿಟ್ಟು ತೋರಿಸಿದಾಗ, ಹಿಂದೆಲ್ಲೋ ವಿದ್ಯುದ್ದೀಪವಿರಬೇಕೆಂದು ನೋಡುಗರು ಬೆರಗಾದುದುಂಟು. ಆ ಬೆರಗಿನಲ್ಲಿಯೇ ನಿಂತುಬಿಟ್ಟರೆ ಚಿತ್ರದ ಭಾವವು ನಮ್ಮ ಕೈತಪ್ಪುತ್ತದೆ.

ಭಾವವನ್ನು ನೇರವಾಗಿ ಬರೆಯಲಾಗದು. ಅನುಭಾವಗಳ ಮೂಲಕ, ಎಂದರೆ ಅಂಗಚೇಷ್ಟೆಗಳ ಮೂಲಕ, ಅದನ್ನು ಸೂಚಿಸಬೇಕೆಂಬುದು ನಮ್ಮ ಆಲಂಕಾರಿಕರ ಮತ. ಇಲ್ಲಿ ಮುಖವು ಶಾಂತವಾಗಿದೆ. ಭಾವವೆಲ್ಲವೂ ದೀಪಕ್ಕೆ ಅಡ್ಡವಾಗಿ ಹಿಡಿದ ಕೈಯಲ್ಲಿದೆ. ಜ್ವಾಲೆ ಆರದಂತೆ ಆ ಕೈ ಮರೆಯಾಗಿ ನಿಂತಿದೆ. ಬೆಳಕು ಬೆರಳುಗಳ ಅಂಚಿನಲ್ಲಿ ನಸುಗೆಂಪಾಗಿ ಹೊಮ್ಮಿದೆ. ಈ ಕೃತಿಗೆ ‘ಗ್ಲೋ ಆಫ್ ಹೋಪ್’ ಎಂಬ ಹೆಸರು ಪ್ರಸಿದ್ಧವಾಗಿದೆ. ಭರವಸೆಯೆಂಬುದು ನಾಳೆಯನ್ನು ನೋಡುವ ಭಾವ. ಈ ಕೈಯಾದರೋ ಇಂದಿನ, ಈ ಕ್ಷಣದ ಉರಿಯನ್ನು ಕಾಯುತ್ತಿದೆ. ಆದುದರಿಂದ ಇದನ್ನು ವಾತ್ಸಲ್ಯವೆಂದು ಕರೆಯಲು ನಮಗೆ ಮನಸ್ಸಾಗುತ್ತದೆ.

ತಂತ್ರವೂ ಇದೇ ಮಾತನ್ನು ಹೇಳುತ್ತದೆ. ಇದು ಜಲವರ್ಣದ ಕೃತಿ. ತೈಲವರ್ಣದಲ್ಲಿ ಕಪ್ಪಿನ ಮೇಲೆಯೂ ಬೆಳಕನ್ನು ಲೇಪಿಸಬಹುದು. ತಪ್ಪಿದರೆ ಮುಚ್ಚಿ ತಿದ್ದಬಹುದು. ತಿಳಿಯಾದ ಜಲವರ್ಣದಲ್ಲಿ ಬೆಳಕೆಂದರೆ ಬಣ್ಣದಡಿಯಿಂದ ಹೊಳೆಯುವ ಕಾಗದದ ಬಿಳುಪು. ಅದನ್ನು ಮೊದಲಿನಿಂದಲೇ ಕಾಯ್ದುಕೊಂಡು, ಸುತ್ತಲೂ ಕತ್ತಲೆಯನ್ನು ಪದರಪದರವಾಗಿ ತರಬೇಕು. ಒಮ್ಮೆ ಕುಂಚ ಜಾರಿದರೆ ಆ ಬಿಳುಪು ಮರಳಿ ದೊರೆಯುವುದು ಕಷ್ಟ. ಮಗಳು ಅಂಗೈಯಿಂದ ದೀಪವನ್ನು ಕಾಯುತ್ತಿದ್ದಾಳೆ. ತಂದೆ ಕುಂಚದಿಂದ ಬೆಳಕನ್ನು ಕಾಯುತ್ತಿದ್ದಾರೆ. ಭಾವವೂ ತಂತ್ರವೂ ಒಂದೇ ಆಗುವುದೆಂದರೆ ಇದು.

ಇಂಥ ಕಾಯಕವನ್ನು ಮತ್ತೊಬ್ಬರ ಹೆಸರಿಗೆ ಬರೆಯುವುದು ಸಣ್ಣ ತಪ್ಪಲ್ಲ. ಹೆಸರು ಮರೆತಲ್ಲಿ ದುಡಿದ ಕೈಯೂ ಮರೆತುಹೋಗುತ್ತದೆ. ಕಾಪುವಿನ ಆ ಗೃಹಸ್ಥರು ಇದನ್ನೆಲ್ಲ ಕೇಳಿ, ಚಿತ್ರವನ್ನು ಗೋಡೆಯಿಂದಿಳಿಸಿ, ಚೌಕಟ್ಟಿನ ಹಿಂದೆ ಹಲ್ದಂಕರರ ಹೆಸರನ್ನು ಬರೆದು ಮತ್ತೆ ತೂಗುಹಾಕಿದರು. ನಿಮ್ಮ ಮನೆಯಲ್ಲಿಯೂ ಈ ಚಿತ್ರವಿದ್ದರೆ ಹಾಗೆಯೇ ಮಾಡಿರಿ. ಬಳಿಕ ಮುಖವನ್ನು ಬಿಟ್ಟು ಮೊದಲು ಆ ಕೈಯನ್ನು ನೋಡಿರಿ.