14 ಎಂಬುದು ಸ್ಥಿರಾಂಕವೇ?

ಪಿಎಚ್ 7.4 ಇರುವ ರಕ್ತದಲ್ಲಿ ಹೈಡ್ರಾಕ್ಸೈಡ್ ಅಯಾನುಗಳ ಸಾರತೆ ಎಷ್ಟು? ಗೈಡುಗಳ ವಿಧಾನ ನಿಮಗೆ ಗೊತ್ತೇ ಇದೆ. 14ರಿಂದ 7.4 ಕಳೆದರೆ 6.6, ಅಂದರೆ ಲೀಟರಿಗೆ 2.5 × 10⁻⁷ ಮೋಲ್. ಪೂರ್ತಿ ಅಂಕ ಕೊಡುತ್ತೇವೆ. ಆದರೆ ಉತ್ತರ ತಪ್ಪು.

ಈ 14 ಎಲ್ಲಿಂದ ಬಂತು? ನೀರಿನಲ್ಲಿ ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಸಾರತೆಗಳ ಗುಣಲಬ್ಧ 10⁻¹⁴. ಅದೂ 25° ಸೆಲ್ಸಿಯಸ್‌ನಲ್ಲಿ ಮಾತ್ರ. ನೀರು ಅಯಾನುಗಳಾಗಿ ಒಡೆಯುವಾಗ ಉಷ್ಣವನ್ನು ಹೀರುತ್ತದೆ. ಹಾಗಾಗಿ ತಾಪ ಏರಿದಂತೆ ಈ ಗುಣಲಬ್ಧವೂ ಏರುತ್ತದೆ. ನಮ್ಮ ದೇಹದ 37 ಡಿಗ್ರಿಯಲ್ಲಿ 14ರ ಜಾಗಕ್ಕೆ ಬರಬೇಕಾದದ್ದು ಸುಮಾರು 13.6. ಆಗ ಸಾರತೆ ಸುಮಾರು 6 × 10⁻⁷. ಗೈಡಿನ ಉತ್ತರದ ಎರಡು ಪಟ್ಟಿಗೂ ಹೆಚ್ಚು!

ಭೌತವಿಜ್ಞಾನದವನಿಗೆ ಇಲ್ಲೇನು ಕೆಲಸ ಎನ್ನಬೇಡಿ. ತಾಪ ನಮ್ಮ ಖಾತೆಯದೇ. 60 ಡಿಗ್ರಿಯ ಶುದ್ಧ ನೀರಿನ ಪಿಎಚ್ ಸುಮಾರು 6.5. ಹಾಗೆಂದು ಅದು ಆಮ್ಲೀಯವಲ್ಲ, ಎರಡೂ ಅಯಾನುಗಳು ಸಮವಾಗಿಯೇ ಇವೆ. ‘7 ಎಂದರೆ ತಟಸ್ಥ’ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇದು ಅರ್ಥವಾಗುವುದಾದರೂ ಹೇಗೆ?

ಲೆಕ್ಕ ಸುಲಭವಾಗಲೆಂದು 14 ಬಳಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರಶ್ನೆಯಲ್ಲಿ ‘25 ಡಿಗ್ರಿಯಲ್ಲಿ’ ಎಂಬ ಮಾತು ಬಿಟ್ಟುಹೋಗಬಾರದು. ರಕ್ತದ ಉದಾಹರಣೆ ಕೊಡುವವರು 37 ಡಿಗ್ರಿಯ ಬೆಲೆಯನ್ನೂ ಕೊಡಲಿ.