ಹಂದಿಮರಿಗೆ ಹೆಸರಿಟ್ಟ ಹುಡುಗ

ಮಾಂಗಾ ಅಂದಕೂಡಲೇ ಕತ್ತಿ ಝಳಪಿಸುವ ಹುಡುಗರು, ರಾಕ್ಷಸರನ್ನು ತರಿಯುವವರು, ಅಂಗೈಯಲ್ಲಿ ಬೆಂಕಿ ಉಂಡೆ ಕಟ್ಟುವವರು ಕಣ್ಣ ಮುಂದೆ ಬರುತ್ತಾರೆ. ಈ ವಾರ ಅವರಿಗೆಲ್ಲ ರಜೆ. ಸಗಣಿ ಬಾಚುವ, ಹಾಲು ಕರೆಯುವ, ನಸುಕಿನಲ್ಲೆದ್ದು ಕೋಳಿ ಗೂಡಿಗೆ ಓಡುವ ಮಕ್ಕಳ ಮಾಂಗಾ ಒಂದಿದೆ. ಹಿರೋಮು ಅರಕಾವಾ ಅವರ ‘ಸಿಲ್ವರ್ ಸ್ಪೂನ್’. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಓದುಗರಿಗೆ ಒಂದೇ ಒಂದು ಮಾಂಗಾ ಹೇಳಿ ಅಂದರೆ ನಾನು ಹೇಳುವುದು ಇದನ್ನೇ. ಹಲಗೇರಿಯಲ್ಲಿ ಕೂತು ಓದಿದರೆ ಅಡಿಟಿಪ್ಪಣಿಯೇ ಬೇಕಾಗುವುದಿಲ್ಲ.

ಅರಕಾವಾ ಹುಟ್ಟಿದ್ದು 1973ರಲ್ಲಿ, ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಒಂದು ಹೈನುಗಾರ ಮನೆಯಲ್ಲಿ. ಕೃಷಿ ಹೈಸ್ಕೂಲಿನಲ್ಲಿ ಓದಿ, ಏಳು ವರ್ಷ ಮನೆಯ ಹೊಲ, ಕೊಟ್ಟಿಗೆಯಲ್ಲೇ ದುಡಿದು, ಆಮೇಲೆ ಟೋಕಿಯೊಗೆ ಹೋದವರು. ಈಗಲೂ ತಮ್ಮ ಚಿತ್ರ ತಾವೇ ಬರೆದುಕೊಳ್ಳುವಾಗ ಕನ್ನಡಕ ಹಾಕಿದ ಹಸುವನ್ನು ಬರೆಯುತ್ತಾರೆ. ಹೆಸರು ತಂದುಕೊಟ್ಟದ್ದು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’: 2001ರಿಂದ 2010ರವರೆಗೆ ನಡೆದ, 27 ಸಂಪುಟಗಳ ಸಾಹಸಕಥೆ. ಅದು ಮುಗಿದ ಮರುವರ್ಷವೇ ‘ವೀಕ್ಲಿ ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ‘ಸಿಲ್ವರ್ ಸ್ಪೂನ್’ ಶುರು. 2019ರಲ್ಲಿ ಮುಗಿಯುವ ಹೊತ್ತಿಗೆ 15 ಸಂಪುಟ.

ಕಥೆ ಸರಳ. ಸಪ್ಪೊರೊ ನಗರದ ಹಾಚಿಕೆನ್ ಎಂಬ ಹುಡುಗ ಅಂಕಗಳ ಓಟದಲ್ಲಿ ಸೋತು ಸುಣ್ಣವಾಗಿದ್ದಾನೆ. ಅಪ್ಪನ ಕಣ್ಣಿಂದ ದೂರವಾದರೆ ಸಾಕು, ಹಾಸ್ಟೆಲ್ ಇದ್ದರೆ ಸಾಕು ಎಂದುಕೊಂಡು ಕೃಷಿ ಹೈಸ್ಕೂಲಿಗೆ ಸೇರುತ್ತಾನೆ. ಅಲ್ಲಿನ ಮಕ್ಕಳೆಲ್ಲ ರೈತರ ಮನೆಯವರು, ಮುಂದೇನು ಎಂಬುದು ಗೊತ್ತಿರುವವರು. ಇವನಿಗೆ ಮೊಟ್ಟೆ ಕೋಳಿಯ ಯಾವ ದಾರಿಯಿಂದ ಬರುತ್ತದೆ ಎಂಬುದೂ ಗೊತ್ತಿಲ್ಲ. ಗೊತ್ತಾದ ದಿನ ಊಟವೇ ಸೇರದು. ಕೊನೆಗೆ ಬಿಸಿ ಅನ್ನದ ಮೇಲೆ ಹಸಿಮೊಟ್ಟೆ ಒಡೆದು ಹಾಕಿಕೊಂಡು ತಿನ್ನುವಾಗ ಆ ರುಚಿಗೆ ಬೆರಗಾಗುತ್ತಾನೆ. ಅರಕಾವಾ ಓದುಗರನ್ನು ನಗಿಸುವುದು ಹೀಗೆ. ನಗುವಿನ ಹಿಂದೆಯೇ ಪ್ರಶ್ನೆಯನ್ನೂ ಇಡುತ್ತಾರೆ.

ಆ ಪ್ರಶ್ನೆ ದೊಡ್ಡದಾಗುವುದು ಹಂದಿಗೂಡಿನಲ್ಲಿ. ತಾಯಿಯ ಹಾಲಿಗೆ ಉಳಿದ ಮರಿಗಳೊಡನೆ ಗುದ್ದಾಡಲಾರದ ಬಡಕಲು ಮರಿಯೊಂದರ ಮೇಲೆ ಹಾಚಿಕೆನ್‌ಗೆ ಮನಸ್ಸಾಗುತ್ತದೆ. ಹೆಸರಿಡಬೇಡ, ಕಳಿಸುವಾಗ ನಿನಗೇ ಕಷ್ಟ ಎಂದು ಬುದ್ಧಿ ಹೇಳುತ್ತಾರೆ. ಅವನು ಹೆಸರಿಟ್ಟೇ ಇಡುತ್ತಾನೆ, ಅದೂ ‘ಬುತಾದೊನ್’ ಎಂದು. ಅನ್ನದ ಮೇಲೆ ಹಂದಿಮಾಂಸ ಹರಡಿ ಬಡಿಸುವ ಅಡುಗೆಯ ಹೆಸರದು. ಕೆಲವೇ ತಿಂಗಳಲ್ಲಿ ಮರಿ ಬೆಳೆದು ಕಸಾಯಿಖಾನೆಯ ದಿನ ಬರುತ್ತದೆ. ಹುಡುಗ ಅದನ್ನು ಬಿಡಿಸಿಕೊಂಡು ಓಡಿಹೋಗುವುದಿಲ್ಲ. ರಜೆಯಲ್ಲಿ ದುಡಿದ ಕೂಲಿಯನ್ನೆಲ್ಲ ಹಾಕಿ ಆ ಒಂದು ಹಂದಿಯ ಮಾಂಸವನ್ನು ತಾನೇ ಕೊಳ್ಳುತ್ತಾನೆ, ಹೊಗೆಯಲ್ಲಿ ಹದಮಾಡಿ ಬೇಕನ್ ಮಾಡುತ್ತಾನೆ, ಗೆಳೆಯರೊಡನೆ ಕೂತು ತಿನ್ನುತ್ತಾನೆ. ಮಾಂಸ ಮುಟ್ಟದವರೂ ಈ ಅಧ್ಯಾಯ ಓದಬೇಕು. ತಿನ್ನಬೇಕೋ ಬೇಡವೋ ಎಂಬ ತೀರ್ಪನ್ನು ಅರಕಾವಾ ಕೊಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಮಾತ್ರ ತಿನ್ನಬೇಡಿ ಅನ್ನುತ್ತಾರೆ.

ನಮ್ಮದು ಹೋರಿಗೆ ಬಿರುದಿನಂಥ ಹೆಸರಿಟ್ಟು, ದೀಪಾವಳಿಯಾದ ಮೇಲೆ ಕೊಬ್ಬರಿ ಹಾರ ಕಟ್ಟಿ ಓಡಿಸುವ ಸೀಮೆ. ಹೆಸರಿದ್ದ ಹೋರಿಗೆ ಅಭಿಮಾನಿಗಳ ದಂಡೇ ಇರುತ್ತದೆ. ಹಾವೇರಿಯ ದನದ ಸಂತೆಗೆ ಹೊಡೆದುಕೊಂಡು ಹೋಗುವ ಮುದಿ ಎತ್ತಿಗೂ ಒಂದು ಹೆಸರಿರುತ್ತದೆ, ಆದರೆ ಆ ದಿನ ಅದನ್ನು ಯಾರೂ ಕೂಗುವುದಿಲ್ಲ. ಹಾಚಿಕೆನ್ ಕೊನೆಯವರೆಗೂ ಹೆಸರು ಹಿಡಿದೇ ಕೂಗುತ್ತಾನೆ. ಇಷ್ಟೇ ವ್ಯತ್ಯಾಸದ ಮೇಲೆ ಇಡೀ ಕಥೆ ನಿಂತಿದೆ.

ಈಗ ಅನಿಮೆಯ ಮಾತು. ಅಭಿಮಾನಿಗಳು ಯಾವಾಗಲೂ ಕೇಳುವುದು ‘ಮಾಂಗಾದಲ್ಲಿ ಇದ್ದಂಗೇ ಐತೇನು?’ ಎಂದು. ಅದು ಅರ್ಧ ಪ್ರಶ್ನೆ. ಒಂದೇ ಪ್ರಸಂಗವನ್ನು ಎರಡು ದೊಡ್ಡಾಟದ ಮೇಳಗಳು ಆಡಿದಾಗ ನಮ್ಮ ಹಿರಿಯರು ಕಥೆ ಬದಲಾಯಿತೇ ಎಂದು ನೋಡುತ್ತಿರಲಿಲ್ಲ. ಯಾವ ಪಾತ್ರವನ್ನು ಎಷ್ಟು ಹೊತ್ತು ರಂಗದ ಮೇಲೆ ನಿಲ್ಲಿಸಿದರು ಎಂದು ನೋಡುತ್ತಿದ್ದರು. ಅನಿಮೆಯನ್ನೂ ಹಾಗೇ ತೂಗಬೇಕು. ಮಾಂಗಾದಲ್ಲಿ ಹೊತ್ತು ಓದುಗನ ಬೆರಳಲ್ಲಿದೆ, ಬೇಕಾದ ಚೌಕಟ್ಟಿನ ಮುಂದೆ ಬೇಕಾದಷ್ಟು ನಿಲ್ಲಬಹುದು. ಅನಿಮೆಯಲ್ಲಿ ಆ ಹೊತ್ತು ನಿರ್ದೇಶಕನದು.

ಅರಕಾವಾ ಅವರ ಕೃತಿಗಳೇ ಇದಕ್ಕೆ ಒಳ್ಳೆಯ ಪಾಠ. ‘ಫುಲ್‌ಮೆಟಲ್’ ಮೊದಲು ಅನಿಮೆಯಾದದ್ದು 2003ರಲ್ಲಿ, 51 ಕಂತು. ಆಗ ಮಾಂಗಾ ಇನ್ನೂ ನಡೆಯುತ್ತಿತ್ತು, ಹಾಗಾಗಿ ಬೋನ್ಸ್ ಸ್ಟುಡಿಯೊ ನಡುವೆಯೇ ದಾರಿ ಬಿಟ್ಟು ತನ್ನದೇ ಕೊನೆ ಕಟ್ಟಿತು. 2009ರಲ್ಲಿ ಅದೇ ಸ್ಟುಡಿಯೊ ‘ಬ್ರದರ್‌ಹುಡ್’ ಹೆಸರಿನಲ್ಲಿ ಮೊದಲಿಂದ ಮಾಡಿತು, 64 ಕಂತು, ಮಾಂಗಾದ ಹೆಜ್ಜೆಯಲ್ಲೇ ಹೆಜ್ಜೆ. ಎರಡನೆಯದೇ ಮೇಲು ಎನ್ನುವವರು ಹೆಚ್ಚು. ಒಟ್ಟು ಕಟ್ಟಡದ ಮಾತಿಗೆ ನಾನೂ ಒಪ್ಪುತ್ತೇನೆ. ಆದರೆ ಆರಂಭದ ಸಾವುಗಳು, ನೀನಾ ಎಂಬ ಪುಟ್ಟ ಹುಡುಗಿಯದು, ಹ್ಯೂಸ್ ಎಂಬ ಅಧಿಕಾರಿಯದು, 2003ರದರಲ್ಲಿ ಇರಿದಷ್ಟು 2009ರದರಲ್ಲಿ ಇರಿಯುವುದಿಲ್ಲ. ಒಮ್ಮೆ ತೋರಿಸಿದ್ದನ್ನು ಬೇಗ ದಾಟಬೇಕೆಂಬ ಅವಸರ ಅಲ್ಲಿದೆ. ಮೂಲಕ್ಕೆ ನಿಷ್ಠೆ ಇದ್ದೂ ಹೊತ್ತು ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಸಿಲ್ವರ್ ಸ್ಪೂನ್’ ಅನಿಮೆಯನ್ನು ಎ-1 ಪಿಕ್ಚರ್ಸ್ ಮಾಡಿತು. 2013ರ ಬೇಸಿಗೆಯಲ್ಲಿ 11 ಕಂತು, 2014ರ ಆರಂಭದಲ್ಲಿ ಇನ್ನು 11. ಮೊದಲ ಸೀಸನ್ನಿನ ನಿರ್ದೇಶಕ ತೊಮೊಹಿಕೊ ಇತೊ ಬುತಾದೊನ್ ವಿಷಯದಲ್ಲಿ ಅವಸರ ಮಾಡಿಲ್ಲ. ಹುಡುಗನ ತೊಳಲಾಟಕ್ಕೇ ಒಂದು ಕಂತು, ಬೀಳ್ಕೊಡುಗೆಗೆ ಇನ್ನೊಂದು. ಕಸ ಆಯುವಾಗ ಸಿಕ್ಕ ಹಳೆಯ ಇಟ್ಟಿಗೆ ಒಲೆಯಲ್ಲಿ ಶಾಲೆಯ ಮಕ್ಕಳೆಲ್ಲ ತಂತಮ್ಮ ವಿಭಾಗದ ಚೀಸು, ತರಕಾರಿ ತಂದು ಪಿಜ್ಜಾ ಸುಡುವ ಕಂತೂ ಹಾಗೇ, ಹದವಾಗಿ ಬೆಂದಿದೆ. ಮಾಂಗಾದ ಮೂಲೆಮೂಲೆಯಲ್ಲಿ ಅರಕಾವಾ ಚೆಲ್ಲಿದ ಕುಚೋದ್ಯ ಒಂದಷ್ಟು ಉದುರಿಹೋಗಿದೆ, ನಿಜ. ಬದಲಿಗೆ ಕೊಟ್ಟಿಗೆಯ ಸದ್ದು ಸಿಕ್ಕಿದೆ.

ಎರಡನೆಯ ಸೀಸನ್ನಿನಲ್ಲಿ ಕಥೆ ನಮ್ಮ ಹೊಸ್ತಿಲಿಗೇ ಬರುತ್ತದೆ. ಕೊಮಾಬಾ ಎಂಬ ಸಹಪಾಠಿಗೆ ಅಪ್ಪನಿಲ್ಲ. ತಾಯಿ, ಇಬ್ಬರು ಅವಳಿ ತಂಗಿಯರು, ಸಾಲದ ಕೊಟ್ಟಿಗೆ. ಬೇಸ್‌ಬಾಲ್ ಆಡಿ ದುಡ್ಡು ಮಾಡಿ ಮನೆ ಉಳಿಸಬೇಕೆಂಬ ಕನಸು. ಪಂದ್ಯ ಸೋಲುತ್ತಾನೆ, ಕೊಟ್ಟಿಗೆ ಮುಚ್ಚುತ್ತದೆ, ಹಸುಗಳು ಹೋಗುತ್ತವೆ, ಅವನು ಶಾಲೆ ಬಿಡುತ್ತಾನೆ. ಆ ಸಾಲಕ್ಕೆ ಜಾಮೀನು ಬಿದ್ದಿದ್ದ ಪಕ್ಕದ ಮಿಕಾಗೆ ಮನೆಯವರು ತಮ್ಮ ಕುದುರೆಗಳನ್ನು ಮಾರಬೇಕಾಗುತ್ತದೆ. ಜಾಮೀನು ಅಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳು ಹೊತ್ತಿ ಉರಿದದ್ದನ್ನು ಕಂಡವರು ನಾವು. ‘ಫುಲ್‌ಮೆಟಲ್’ನಲ್ಲಿ ಒಂದು ನಿಯಮವಿದೆ: ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದನ್ನು ಕೊಡಬೇಕು. ಕೊಮಾಬಾ ಅದಕ್ಕಿಂತ ಹೆಚ್ಚೇ ಕೊಟ್ಟ, ಏನೂ ಸಿಗಲಿಲ್ಲ. ಮಂತ್ರವಿದ್ಯೆಯ ಲೋಕದಲ್ಲಿ ನಡೆಯುವ ಲೆಕ್ಕ ಒಕ್ಕಲುತನದಲ್ಲಿ ನಡೆಯುವುದಿಲ್ಲ ಎಂದು ಅರಕಾವಾ ತಮ್ಮ ಕೃತಿಗೆ ತಾವೇ ಉತ್ತರ ಬರೆದಂತಿದೆ.

ಕನ್ನಡದ ಮಾತಿಗೆ ಬಂದರೆ ಬೇಸರವೇ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಸಿನಿಮಾ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಾಗ ಜಪಾನಿ, ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲೇ. ಬಾಗಿಲು ತೆಗೆದಿದೆ, ಒಳಗೆ ಕರೆಯುವವರಿಲ್ಲ. ‘ಸಿಲ್ವರ್ ಸ್ಪೂನ್’ ಮಾಂಗಾವನ್ನು ಯೆನ್ ಪ್ರೆಸ್ ಇಂಗ್ಲಿಷಿನಲ್ಲಿ ಪೂರ್ತಿ ತಂದಿದೆ. ಸದ್ಯಕ್ಕೆ ಅದೇ ಗತಿ.

ನೋಡುವ ಕ್ರಮ ಕೇಳಿದರೆ, ಮೊದಲು ಅನಿಮೆಯ 22 ಕಂತು, ಆಮೇಲೆ ಮೊದಲ ಸಂಪುಟದಿಂದಲೇ ಮಾಂಗಾ. ಅನಿಮೆ ಕಥೆಯ ನಡುವಿನಲ್ಲೇ ಕೈಬಿಡುತ್ತದೆ. ಮುಂದಿನ ಸೀಸನ್ ಬರಲೇ ಇಲ್ಲ. ಉಳಿದದ್ದರಲ್ಲಿ ಹಾಚಿಕೆನ್ ಹಂದಿ ಸಾಕಣೆಯ ಉದ್ಯಮಕ್ಕೆ ಇಳಿಯುತ್ತಾನೆ, ಯಾರ ಕಣ್ಣು ತಪ್ಪಿಸಿಕೊಂಡು ಓಡಿಬಂದಿದ್ದನೋ ಅದೇ ಅಪ್ಪನ ಮುಂದೆ ಬಂಡವಾಳಕ್ಕಾಗಿ ಲೆಕ್ಕದ ಕಾಗದ ಇಡುತ್ತಾನೆ. ಅಪ್ಪ ತಿರಸ್ಕರಿಸುತ್ತಾನೆ, ಮಗ ತಿದ್ದಿ ಮತ್ತೆ ತರುತ್ತಾನೆ. ಹನುಮನಮಟ್ಟಿಯ ಕೃಷಿ ಕಾಲೇಜಿನಲ್ಲಿ ಓದುತ್ತ, ಪದವಿ ಮುಗಿದ ಮೇಲೆ ಊರಿಗೆ ಹೋಗಲೋ ಬೆಂಗಳೂರಿಗೋ ಎಂದು ಲೆಕ್ಕ ಹಾಕುತ್ತಿರುವವರು ಬೇರೇನೂ ಓದದಿದ್ದರೂ ಆ ಕೊನೆಯ ಸಂಪುಟಗಳನ್ನು ಓದಲಿ. ಅಪ್ಪನ ಹತ್ತಿರ ದುಡ್ಡು ಕೇಳುವ ವಿದ್ಯೆಯನ್ನು ಅಷ್ಟು ಚೆನ್ನಾಗಿ ಕಲಿಸಿದ ಮಾಂಗಾ ಇನ್ನೊಂದನ್ನು ನಾನು ಕಂಡಿಲ್ಲ.